ಚರ್ಚ್ ಗೋಡೆಯ ದತ್ತಿ ಹಲಗೆ, 2 ಪೌಂಡ್ 12 ಶಿಲ್ಲಿಂಗ್ ಮತ್ತು ಓವರ್‌ಸಿಯರನ ಲೆಕ್ಕ

ಲೆಕ್ಕದ_ಮನುಷ್ಯ
ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಒಳಗೋಡೆಯಲ್ಲಿ ದತ್ತಿ ಕೊಟ್ಟವರ ಹೆಸರು, ಮೊತ್ತ ಬರೆದ ಮರದ ಹಲಗೆ ಇರುತ್ತಲ್ಲ, ಅದರ ಬಗ್ಗೆ ಎರಡು ಸಂಶಯ.

ಒಂದು: "ಬಡವರ ಬ್ರೆಡ್ಡಿಗೆ ವರ್ಷಕ್ಕೆ 2 ಪೌಂಡ್ 12 ಶಿಲ್ಲಿಂಗ್" ಅನ್ನೋದು ಬೇರೆ ಬೇರೆ ಊರಿನ ಹಲಗೆಗಳಲ್ಲಿ ಮತ್ತೆ ಮತ್ತೆ ಬರುತ್ತೆ. ದುಂಡಗೆ ಎರಡೋ ಮೂರೋ ಪೌಂಡ್ ಕೊಡೋದು ಬಿಟ್ಟು ಇದೇನು ಚಿಲ್ಲರೆ ಮೊತ್ತ?

ಎರಡು: 17-18ನೇ ಶತಮಾನದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಲೆಕ್ಕದ ಪುಸ್ತಕಗಳಲ್ಲಿ, ವಾರಕ್ಕೆ 1 ಶಿಲ್ಲಿಂಗ್ ಗೊತ್ತುಮಾಡಿದ ವಿಧವೆಗೆ ಒಂದು ವರ್ಷ 50 ಶಿಲ್ಲಿಂಗ್, ಮುಂದಿನ ವರ್ಷ 55 ಅಂತ ಖರ್ಚು ಬಿದ್ದಿರುತ್ತೆ. ವರ್ಷಕ್ಕೆ 52 ವಾರ ತಾನೆ? ಓವರ್‌ಸಿಯರ್ ಸ್ವಲ್ಪ ನುಂಗಿದ್ದಾನೆ ಅಂತ ನನ್ನ ಅನುಮಾನ.

ಹಿಟ್ಟು_ಸೊಪ್ಪು
ಮೊದಲನೇದು ಸುಲಭ. ಪ್ರತಿ ಭಾನುವಾರ 12 ಬಡವರಿಗೆ ತಲಾ ಒಂದು ಪೆನ್ನಿಯ ಬ್ರೆಡ್. 12 ಪೆನ್ಸ್ ಅಂದರೆ 1 ಶಿಲ್ಲಿಂಗ್. 52 ಭಾನುವಾರಕ್ಕೆ 52 ಶಿಲ್ಲಿಂಗ್. 20 ಶಿಲ್ಲಿಂಗಿಗೆ ಒಂದು ಪೌಂಡ್. ಭಾಗಿಸಿ ನೋಡಿ.

ಕರಾವಳಿ_ಕಾಗೆ
ಓವರ್‌ಸಿಯರ್ ಅಂದ ಕೂಡ್ಲೆ ಪಿಡಬ್ಲ್ಯುಡಿಯವರು ಟೇಪು ಹಿಡ್ಕೊಂಡು ಬಂದ ಹಾಗೆ ಕಾಣ್ತದೆ ಮಾರಾಯ್ರೆ. ಇವನು ಯಾರು, ಸಂಬಳ ಎಷ್ಟು, ಯಾರು ನೇಮಿಸಿದ್ದು? ಅದು ಗೊತ್ತಾಗದೆ ಕಳ್ಳ ಅಂತ ಹೇಗೆ ಹೇಳೋದು?

ಕಡತ_ಕೋಣೆ
ಸಂಬಳ ಇಲ್ಲ. ಅಲ್ಲೇ ಇರೋದು ಇಡೀ ವ್ಯವಸ್ಥೆಯ ಗುಟ್ಟು.

1601ರ ಕಾಯಿದೆಯ ಪ್ರಕಾರ ಪ್ರತಿ ಪ್ಯಾರಿಷ್‌ನಲ್ಲಿ ಚರ್ಚಿನ ವ್ಯವಹಾರ ನೋಡಿಕೊಳ್ಳುವ ಚರ್ಚ್ ವಾರ್ಡನ್‌ಗಳ ಜೊತೆ ಇಬ್ಬರಿಂದ ನಾಲ್ವರು ಅನುಕೂಲಸ್ಥ ಗೃಹಸ್ಥರನ್ನು ಬಡವರ ಓವರ್‌ಸಿಯರ್ ಅಂತ ನೇಮಿಸಬೇಕು. ಈಸ್ಟರ್ ವಾರದಲ್ಲಿ ಅಥವಾ ಅದಾದ ಒಂದು ತಿಂಗಳೊಳಗೆ, ಇಬ್ಬರು ಮ್ಯಾಜಿಸ್ಟ್ರೇಟರ ಸಹಿ ಮೊಹರಿನೊಂದಿಗೆ. ಒಂದು ವರ್ಷದ ಪುಕ್ಕಟೆ ಚಾಕರಿ. ತಿಂಗಳಿಗೊಮ್ಮೆಯಾದರೂ ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನಲ್ಲೇ ಸಭೆ ಸೇರಬೇಕು, ತಪ್ಪಿಸಿದರೆ 20 ಶಿಲ್ಲಿಂಗ್ ದಂಡ. ವರ್ಷ ಮುಗಿದ ನಾಲ್ಕು ದಿನದೊಳಗೆ ಲೆಕ್ಕ ಒಪ್ಪಿಸಿ, ಉಳಿದ ಹಣ ಮತ್ತು ಸಾಮಾನನ್ನು ಹೊಸಬರಿಗೆ ದಾಟಿಸಬೇಕು. ಸಾಮಾನು ಯಾಕೆ ಅಂದರೆ, ಮೈಯಲ್ಲಿ ಶಕ್ತಿ ಇರುವ ಬಡವರಿಗೆ ಕೆಲಸ ಕೊಡಲು ನಾರಗಸೆ, ಸೆಣಬು, ಉಣ್ಣೆ, ದಾರ, ಕಬ್ಬಿಣ ದಾಸ್ತಾನು ಇಡಬೇಕು ಅಂತಲೂ ಕಾಯಿದೆ ಹೇಳುತ್ತೆ.

ಹಣ ಎಲ್ಲಿಂದ? ಊರಿನ ಮೇಲೆ ದರ, ಅಂದರೆ ಕರ, ಹಾಕಿ. ಊರಿನ ಜಮೀನು, ಮನೆಗಳ ವಾರ್ಷಿಕ ಬಾಡಿಗೆ ಮೌಲ್ಯ ಒಟ್ಟು 400 ಪೌಂಡ್ ಅಂದುಕೊಳ್ಳಿ. ಪೌಂಡಿಗೆ 6 ಪೆನ್ಸ್ ದರ ಹಾಕಿದರೆ 10 ಪೌಂಡ್ ಬರುತ್ತೆ. ಸಾಲದಿದ್ದರೆ ಅದೇ ವರ್ಷ ಇನ್ನೊಂದು ಸುತ್ತು. ಕಟ್ಟಬೇಕಾದವನು ಜಮೀನಿನ ಒಡೆಯ ಅಲ್ಲ, ಅನುಭವದಲ್ಲಿರುವ ಗೇಣಿದಾರ. ಅಂದರೆ ದರ ಕಟ್ಟುವವನೂ, ಹಂಚುವವನೂ, ಕೂಲಿಗೆ ಕರೆಯುವವನೂ ಅದೇ ನಾಲ್ಕಾರು ರೈತರು.

ಧಾರವಾಡದ_ಫೇಡೆ
ಹಂಗಂದ್ರ ಇದು ದಾನ ಎಲ್ಲಿ ಬಂತ್ರೀ? ಇದು ಕಂದಾಯ. ಹಲಗಿ ಮ್ಯಾಲಿಂದು ಬ್ಯಾರೆ, ಓವರ್‌ಸಿಯರಂದು ಬ್ಯಾರೆ. ಎರಡನ್ನೂ ಒಂದ ಗಂಟಿಗೆ ಹಾಕಬ್ಯಾಡ್ರಿ.

ಕಾನೂನು_ಕೊಕ್ಕೆ
ಫೇಡೆಯವರು ಸರಿಯಾಗಿ ಹಿಡಿದರು. ಎರಡು ಚೀಲ. ಒಂದು ಕಾನೂನಿನ ದರ, ಇನ್ನೊಂದು ಸತ್ತವರ ಉಯಿಲಿನಿಂದ ಬಂದ ದತ್ತಿ. ಎರಡಕ್ಕೂ 1601ರಲ್ಲೇ ಬೇರೆ ಬೇರೆ ಕಾಯಿದೆ ಆಯಿತು. ದತ್ತಿ ಕಾಯಿದೆಯ ಪೀಠಿಕೆಯಲ್ಲಿ ಯಾವುದು ಧರ್ಮಕಾರ್ಯ ಅನ್ನೋ ಪಟ್ಟಿ ಇದೆ: ವಯಸ್ಸಾದವರು, ಅಶಕ್ತರು, ಬಡವರ ನೆರವು, ಗಾಯಗೊಂಡ ಸೈನಿಕರು, ಶಾಲೆ, ಸೇತುವೆ, ಹೆದ್ದಾರಿ, ಬಡ ಹುಡುಗಿಯರ ಮದುವೆ.

ಆ ಪಟ್ಟಿಯ ವಾಸನೆ ನಮ್ಮ ದೇಶದ ಕಾನೂನಿಗೂ ಹತ್ತಿದೆ. 1890ರ ಭಾರತದ ಧರ್ಮಾರ್ಥ ದತ್ತಿ ಕಾಯಿದೆಯಲ್ಲಿ ಬಡವರ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಸಾರ್ವಜನಿಕ ಉಪಯೋಗದ ಬೇರೆ ಯಾವುದೇ ಉದ್ದೇಶ ಅಂತ ಇದೆ. ಇವತ್ತು ಟ್ರಸ್ಟುಗಳು ತೆರಿಗೆ ವಿನಾಯಿತಿ ಕೇಳೋವಾಗಲೂ ಇದೇ ಮಾತು.

ಲೆಕ್ಕದ_ಮನುಷ್ಯ
ಸರಿ, ಎರಡು ಚೀಲ. ಆದರೆ ತಗೊಳ್ಳುವ ಬಡವರು ಒಂದೇ ಅಲ್ವಾ?

ಕಡತ_ಕೋಣೆ
ಅಲ್ಲವೇ ಅಲ್ಲ, ಜಗಳ ಶುರುವಾಗೋದೇ ಅಲ್ಲಿ. ಬಹಳಷ್ಟು ಉಯಿಲುಗಳಲ್ಲಿ "ಪ್ಯಾರಿಷ್ ನೆರವು ಪಡೆಯದ ಬಡವರಿಗೆ" ಅಂತ ಖಡಾಖಂಡಿತವಾಗಿ ಬರೆದಿರುತ್ತೆ. ಕಾರಣ ಲೆಕ್ಕದ್ದೇ. ವಾರಕ್ಕೆ 1 ಶಿಲ್ಲಿಂಗ್ ಪಿಂಚಣಿ ಇರುವ ಮುದುಕಿಗೆ ದತ್ತಿಯಿಂದ 3 ಪೆನ್ಸ್ ಕೊಟ್ಟರೆ, ಓವರ್‌ಸಿಯರ್ ಪಿಂಚಣಿಯನ್ನು 9 ಪೆನ್ಸಿಗೆ ಇಳಿಸುತ್ತಾನೆ. ಮುದುಕಿಗೆ ಒಂದು ಕಾಸೂ ಹೆಚ್ಚಿಗೆ ಸಿಗಲ್ಲ, ಉಳಿತಾಯ ದರ ಕಟ್ಟುವ ರೈತರಿಗೆ. ಸತ್ತವನ ದಾನ ಬದುಕಿರುವ ಶ್ರೀಮಂತರ ತೆರಿಗೆ ಕಡಿತ ಆಯಿತು. ಅದನ್ನು ತಪ್ಪಿಸಲಿಕ್ಕೆ ಈ ಷರತ್ತು. 1818ರಲ್ಲಿ ಶುರುವಾಗಿ 1837ರವರೆಗೆ ಊರೂರಿನ ದತ್ತಿ ಜಾಲಾಡಿದ ಬ್ರೂಅಮ್ ಆಯೋಗದ ವರದಿಗಳಲ್ಲಿ ಈ ದೂರು ತುಂಬಾ ಬರುತ್ತೆ.

ಧಾರವಾಡದ_ಫೇಡೆ
ಅಂದ್ರ ನುಂಗೋದು ಅಂದ್ರ ಕಿಸೇಕ ಹಾಕ್ಕೊಳ್ಳೋದ ಆಗಬೇಕಂತ ಇಲ್ಲ.

ಹಿಟ್ಟು_ಸೊಪ್ಪು
ಇನ್ನೊಂದು ಸೂಕ್ಷ್ಮ. "ಪೆನ್ನಿ ಬ್ರೆಡ್" ಅನ್ನೋದು ಗಾತ್ರ ಅಲ್ಲ, ಬೆಲೆ. 13ನೇ ಶತಮಾನದಿಂದ ಇದ್ದ ಬ್ರೆಡ್ ನಿಯಮದಲ್ಲಿ ಬೆಲೆ ಸ್ಥಿರ, ತೂಕ ಬದಲಾಗುತ್ತೆ. ಗೋಧಿ ಅಗ್ಗವಾದರೆ ಬ್ರೆಡ್ ದಪ್ಪ, ತುಟ್ಟಿಯಾದರೆ ಸಣ್ಣ. ಹಾಗಾಗಿ 2 ಪೌಂಡ್ 12 ಶಿಲ್ಲಿಂಗ್‌ನ ದತ್ತಿ ಬರಗಾಲದ ವರ್ಷದಲ್ಲೇ ಅತಿ ಕಡಿಮೆ ಹೊಟ್ಟೆ ತುಂಬಿಸೋದು. ಬೇಕಾದಾಗ ಕೈ ಕೊಡುವ ದಾನ. ಉಯಿಲು ಬರೆಯೋವಾಗ "ಇಷ್ಟು ಬುಷೆಲ್ ಗೋಧಿ" ಅಂದವನು ಜಾಣ, "ಇಷ್ಟು ಪೆನ್ನಿ" ಅಂದವನು ಮೊಮ್ಮಕ್ಕಳ ಕಾಲ ಯೋಚಿಸಲಿಲ್ಲ.

ಟಿಚ್‌ಬೋರ್ನ್ ದತ್ತಿ ನೋಡಿ, ಹ್ಯಾಂಪ್‌ಶೈರ್. ಮಾರ್ಚ್ 25, ಲೇಡಿ ಡೇ ದಿನ ಹಿಟ್ಟು ಹಂಚುತ್ತಾರೆ, ದೊಡ್ಡವರಿಗೆ ಒಂದು ಗ್ಯಾಲನ್, ಮಕ್ಕಳಿಗೆ ಅರ್ಧ. ಹಿಟ್ಟಿನ ಗ್ಯಾಲನ್ ಅಂದರೆ 7 ಪೌಂಡ್ ತೂಕ, 3 ಕಿಲೋ ಮೇಲೆ ಸ್ವಲ್ಪ. ಹಿಂದೆ ಬ್ರೆಡ್ಡನ್ನೇ ಕೊಡುತ್ತಿದ್ದರು. ಊರಿಗೆ ಸಂಬಂಧವಿಲ್ಲದ ಅಲೆಮಾರಿಗಳ ಜಾತ್ರೆಯೇ ಸೇರತೊಡಗಿ 1796ರಲ್ಲಿ ನಿಲ್ಲಿಸಿದರು, 1836ರಲ್ಲಿ ಸುತ್ತಲಿನವರಿಗೆ ಮಾತ್ರ ಅಂತ ಮತ್ತೆ ಶುರುವಾಯಿತು.

ಕರಾವಳಿ_ಕಾಗೆ
ಟಿಚ್‌ಬೋರ್ನ್‌ದು ಆ ಕತೆಯೇ ಅಲ್ವಾ? ಸಾಯ್ಲಿಕ್ಕೆ ಬಿದ್ದ ಮೇಬೆಲ್ಲಾ, ಉರಿಯುವ ಕೊಳ್ಳಿ ಆರುವುದರೊಳಗೆ ಎಷ್ಟು ಜಾಗ ಸುತ್ತುತ್ತೀಯೋ ಅಷ್ಟರ ಬೆಳೆ ಬಡವರಿಗೆ ಅಂತ ಗಂಡ ಹೇಳಿದ್ದು, ಅವಳು ತೆವಳಿಯೇ 23 ಎಕರೆ ಸುತ್ತಿದ್ದು. ಆ ಗದ್ದೆಗೆ ಈಗಲೂ "ಕ್ರಾಲ್ಸ್" ಅಂತಲೇ ಹೆಸರು, ತೆವಳಿದ್ದು ಅಂತ.

ಕಡತ_ಕೋಣೆ
ಕತೆ ಕತೆಯೇ. ಗದ್ದೆ ನಿಜ, ಹಂಚಿಕೆ ನಿಜ. 1671ರಲ್ಲಿ ಗಿಲ್ಲಿಸ್ ವಾನ್ ಟಿಲ್ಬೋರ್ಗ್ ಬರೆದ ಚಿತ್ರದಲ್ಲಿ ಮನೆತನದವರು, ಆಳುಗಳು, ಬ್ರೆಡ್ ಬುಟ್ಟಿಗಳು, ಕಾದು ನಿಂತ ಬಡವರು ಎಲ್ಲ ಕಾಣುತ್ತಾರೆ. ಕೆಂಟ್‌ನ ಬಿಡೆನ್‌ಡೆನ್‌ನಲ್ಲೂ ಹೀಗೇ: ಮೈ ಅಂಟಿಕೊಂಡೇ ಹುಟ್ಟಿದ ಅಕ್ಕತಂಗಿಯರು 20 ಎಕರೆ ಬಿಟ್ಟರು ಅನ್ನೋ ಕತೆ. ಆ ಜಮೀನಿನ ಹೆಸರೇ "ಬ್ರೆಡ್ ಮತ್ತು ಚೀಸ್ ಜಮೀನು". ಈಸ್ಟರ್ ಸೋಮವಾರದ ಹಂಚಿಕೆ.

ಕಾನೂನು_ಕೊಕ್ಕೆ
ಈ ಎರಡೂ ಬದುಕಿ ಉಳಿದದ್ದು ಜಮೀನು ಆಧಾರವಾಗಿದ್ದಕ್ಕೆ. ದತ್ತಿ ಸಾಯುವ ಬಗೆ ಬೇರೆ ಬೇರೆ.

ನಗದು ಬಿಟ್ಟು ಹೋದರೆ: 20 ಪೌಂಡ್ ಇದೆ, ವಾರ್ಡನ್‌ಗಳು ಊರಿನ ರೈತನಿಗೆ ಪತ್ರ ಬರೆಸಿಕೊಂಡು 5 ಪರ್ಸೆಂಟ್ ಬಡ್ಡಿಗೆ ಕೊಡುತ್ತಾರೆ, ವರ್ಷಕ್ಕೆ 1 ಪೌಂಡ್. ರೈತ ದಿವಾಳಿಯೆದ್ದರೆ ಅಸಲೂ ಹೋಯಿತು. ಸಾಲ ತಗೊಂಡವನೇ ಮುಂದಿನ ವರ್ಷ ವಾರ್ಡನ್ ಆದರೆ ಕೇಳೋರು ಯಾರು? ಹಲಗೆ ಬರೆಸಿ ಗೋಡೆಗೆ ಹಾಕುತ್ತಿದ್ದದ್ದೇ ಇದಕ್ಕೆ. ದಾನಿಯ ಹೆಸರು ಮೆರೆಸೋದು ಅರ್ಧ ಕಾರಣ, ದತ್ತಿ ಮುಚ್ಚಿಹಾಕದಂತೆ ಊರ ಕಣ್ಣಿಗೆ ಕಾಣಲಿ ಅನ್ನೋದು ಇನ್ನರ್ಧ.

ಜಮೀನಿನ ಮೇಲೆ ಕಾಯಂ ಹೊರೆ: ನಮ್ಮ ಋಣಭಾರ ಪತ್ರದಲ್ಲಿ ಕಾಣೋ ಹಾಗೆ. ಇಂಥ ಹೊಲದಿಂದ ಯಾರೇ ಒಡೆಯರಾಗಲಿ ವರ್ಷಕ್ಕೆ 52 ಶಿಲ್ಲಿಂಗ್ ಕಟ್ಟಬೇಕು. ಭದ್ರ, ಆದರೆ ಹೊಲದ ಬಾಡಿಗೆ ಹತ್ತು ಪಟ್ಟಾದರೂ ಬಡವರ ಪಾಲು 52 ಶಿಲ್ಲಿಂಗೇ.

ಜಮೀನನ್ನೇ ಕೊಟ್ಟರೆ: ಬಾಡಿಗೆ ಏರಿದಂತೆ ದತ್ತಿಯೂ ಏರುತ್ತೆ. ಆದರೆ 1736ರ ಕಾಯಿದೆ ಬಂದು ಇದಕ್ಕೆ ಅಡ್ಡಗಾಲು ಹಾಕಿತು. ಸಾಯುವ ಕನಿಷ್ಠ 12 ತಿಂಗಳು ಮೊದಲೇ ಪತ್ರ ಮಾಡಿರಬೇಕು, 6 ತಿಂಗಳೊಳಗೆ ಚಾನ್ಸರಿ ಕೋರ್ಟಿನಲ್ಲಿ ದಾಖಲಾಗಬೇಕು. ಮರಣಶಯ್ಯೆಯಲ್ಲಿ ಪಾಪಭಯಕ್ಕೆ ಹೊಲ ಬರೆದುಕೊಡೋದು ಬಂದ್.

ಆಮೇಲೆ ಜನ ಸರ್ಕಾರಿ ಸಾಲಪತ್ರ, ಕನ್ಸಾಲ್ ಅನ್ನೋದು, ಅದರಲ್ಲಿ ಇಟ್ಟರು. 100 ಪೌಂಡಿಗೆ ವರ್ಷಕ್ಕೆ 3. ಬೆಟ್ಟದಷ್ಟು ಭದ್ರ ಅಂದುಕೊಂಡರು. 1888ರಲ್ಲಿ ಹಣಕಾಸು ಮಂತ್ರಿ ಗೋಶೆನ್ ಬಡ್ಡಿಯನ್ನ 2¾ಕ್ಕೆ ಇಳಿಸಿ, 1903ರಿಂದ 2½ ಅಂತ ಮಾಡಿದ. 3 ಪೌಂಡ್ ಬರುತ್ತಿದ್ದ ಕಡೆ 2 ಪೌಂಡ್ 10 ಶಿಲ್ಲಿಂಗ್.

ಲೆಕ್ಕದ_ಮನುಷ್ಯ
ಎಲ್ಲ ಚೆನ್ನಾಗಿದೆ. ನನ್ನ 50 ಮತ್ತು 55 ಏನಾಯ್ತು?

ಕಡತ_ಕೋಣೆ
ಓವರ್‌ಸಿಯರನ ವರ್ಷ ಜನವರಿಯಿಂದ ಡಿಸೆಂಬರ್ ಅಲ್ಲ, ಈಸ್ಟರಿಂದ ಈಸ್ಟರಿಗೆ. ಈಸ್ಟರ್ ಚಂದ್ರನ ಲೆಕ್ಕದ ಹಬ್ಬ, ಆದರೆ ಭಾನುವಾರವೇ ಬೀಳಬೇಕು. ನಮ್ಮ ಅಧಿಕ ಮಾಸದ ಹಾಗೇ: ಕೆಲವು ಸಲ 12 ಚಾಂದ್ರಮಾಸಕ್ಕೆ ಬರುತ್ತೆ, ಕೆಲವು ಸಲ 13ಕ್ಕೆ. ಹಾಗಾಗಿ ಎರಡು ಈಸ್ಟರ್ ನಡುವೆ 50, 51, 54 ಅಥವಾ 55 ವಾರ ಇರುತ್ತೆ. 52 ಯಾವತ್ತೂ ಬರಲ್ಲ! ನಂಬಿಕೆ ಇಲ್ಲದಿದ್ದರೆ ಈಗಿನದೇ ನೋಡಿ: 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20, 2026ರಲ್ಲಿ ಏಪ್ರಿಲ್ 5. ಮೊದಲನೇ ಅಂತರ 55 ವಾರ, ಎರಡನೇದು 50.

ಒಂದು ವರ್ಷ 50, ಮುಂದಿನ ವರ್ಷ 55 ಅಂತಿದ್ದರೆ ನಿಮ್ಮ ಓವರ್‌ಸಿಯರ್ ಶುದ್ಧಹಸ್ತ. ಪ್ರತಿ ವರ್ಷ ಸರಿಯಾಗಿ 52 ಅಂತ ಬರೆದಿದ್ದರೆ ಅವನನ್ನು ಅನುಮಾನಿಸಿ.

ಲೆಕ್ಕದ_ಮನುಷ್ಯ
ಅಯ್ಯೋ. ಪಾಪದ ಮನುಷ್ಯನ ಮೇಲೆ ಸುಮ್ನೆ ಗೂಬೆ ಕೂರಿಸಿದೆ.

ಧಾರವಾಡದ_ಫೇಡೆ
ಲಗೂನ ಪಾಪ ಅನ್ನಬ್ಯಾಡ್ರಿ. ವಾರದ ಪಿಂಚಣಿ ಒಳಗ ತಿನ್ನಾಕ ಬರೂದಿಲ್ಲ, ಊರಿಗೆಲ್ಲಾ ಗೊತ್ತಿರ್ತೈತಿ. ತಿನ್ನೋದು ಚಿಲ್ಲರೆ ಖರ್ಚಿನ್ಯಾಗ. ಬೂಟು, ಅಂಗಿ, ಉರವಲು, ಬಾಣಂತಿ ಖರ್ಚು, ಶವಪೆಟ್ಟಿಗಿ, ಮಣ್ಣಿಗೆ ಬಂದವರಿಗೆ ಬ್ರೆಡ್ಡು ಬಿಯರು. ಓವರ್‌ಸಿಯರಂದ ಬಟ್ಟಿ ಅಂಗಡಿ ಇದ್ರ ಅಂಗಿ ಬಟ್ಟಿ ಎಲ್ಲಿಂದ ಬರ್ತೈತಿ, ನೀವ ಹೇಳ್ರಿ. ಆ ಪುಸ್ತಕದಾಗ ಒಂದ ವರ್ಷದಾಗ ಬೂಟಿನ ಖರ್ಚು ಏಕ್ದಮ್ ಏರಿದ್ರ, ಆ ವರ್ಷದ ಓವರ್‌ಸಿಯರ್ ಕಸಬು ಏನಿತ್ತು ಅಂತ ಮೊದಲ ನೋಡ್ರಿ.

ಕರಾವಳಿ_ಕಾಗೆ
ಇವರೆಲ್ಲ ಅವರವರ ಊರಿನವರಿಗೆ ಮಾತ್ರ ಕೊಡ್ತಿದ್ದದ್ದಲ್ವಾ? ಬೇರೆ ಊರಿಂದ ಬಂದು ಕೂತರೆ?

ಕಾನೂನು_ಕೊಕ್ಕೆ
ಅದೇ 1662ರ ಕಾಯಿದೆ. ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಯಲ್ಲಿ ಬಂದು ಕೂತವನನ್ನು 40 ದಿನದೊಳಗೆ ದೂರು ಕೊಟ್ಟು, ಇಬ್ಬರು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಅವನ ಹಕ್ಕಿನ ಊರಿಗೆ, ಅಂದರೆ ನೆರವು ಕೇಳುವ ಹಕ್ಕು ಇರುವ ಊರಿಗೆ, ಸಾಗಹಾಕಬಹುದು. ಹಕ್ಕು ಸಿಗುವ ದಾರಿಗಳು: ಅಪ್ಪನ ಊರು, ಹೆಂಗಸಿಗೆ ಗಂಡನ ಊರು, ಅಪ್ರೆಂಟಿಸ್ ಆಗಿದ್ದ ಊರು, ಪ್ಯಾರಿಷ್ ದರ ಕಟ್ಟಿದ್ದ ಊರು, ಮದುವೆಯಾಗದವನು ಪೂರ್ತಿ ಒಂದು ವರ್ಷ ಆಳಾಗಿ ದುಡಿದ ಊರು. ಈ ಕೊನೇದಕ್ಕೆ ರೈತರು ಕಂಡುಕೊಂಡ ಉಪಾಯ: ಆಳನ್ನು 51 ವಾರಕ್ಕೆ ಗೊತ್ತು ಮಾಡೋದು. ಕಾಯಂ ಮಾಡಬೇಕಾಗುತ್ತೆ ಅಂತ ಗುತ್ತಿಗೆ ನೌಕರನಿಗೆ ಒಂದು ದಿನ ಬ್ರೇಕ್ ಕೊಡ್ತಾರಲ್ಲ, ಅದರ ಮುತ್ತಜ್ಜ.

ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಹುಟ್ಟಿದ ಊರೇ ಹಕ್ಕಿನ ಊರು. ಆದ್ದರಿಂದ ತುಂಬು ಬಸುರಿಯನ್ನು ಗಡಿ ದಾಟಿಸಲು ಗಾಡಿ ಬಾಡಿಗೆ ಕೊಟ್ಟ ಖರ್ಚೂ ಈ ಪುಸ್ತಕಗಳಲ್ಲಿ ಸಿಗುತ್ತೆ. ಇನ್ನು 1697ರ ಕಾಯಿದೆಯಲ್ಲಿ ನೆರವು ಪಡೆಯುವವರು ಬಲ ಹೆಗಲ ಮೇಲೆ ಕೆಂಪು ಅಥವಾ ನೀಲಿ ಬಟ್ಟೆಯಲ್ಲಿ ಕತ್ತರಿಸಿದ "ಪಿ" ಅಕ್ಷರ, ಜೊತೆಗೆ ಊರ ಹೆಸರಿನ ಮೊದಲಕ್ಷರ ಹೊಲಿದುಕೊಂಡಿರಬೇಕು ಅಂತಾಯ್ತು. 1810ರವರೆಗೂ ಅದು ಕಾನೂನಿನಲ್ಲಿತ್ತು.

ಹಿಟ್ಟು_ಸೊಪ್ಪು
ಬೆಲೆ ಏರಿದ ವರ್ಷದ ವಿಷಯಕ್ಕೆ ಬರೋಣ. 1795ರ ಮೇ 6, ಬರ್ಕ್‌ಶೈರ್‌ನ ಸ್ಪೀನ್‌ಹ್ಯಾಮ್‌ಲ್ಯಾಂಡ್, ಪೆಲಿಕನ್ ಅನ್ನೋ ಛತ್ರದಲ್ಲಿ ಮ್ಯಾಜಿಸ್ಟ್ರೇಟರ ಸಭೆ. ಕೂಲಿ ದರವನ್ನೇ ಏರಿಸಿ ಗೊತ್ತುಮಾಡುವ ಮಾತು ಬಂತು, ಬೇಡ ಅಂತ ಬಿಟ್ಟರು. ಬದಲಿಗೆ ಬ್ರೆಡ್ ಬೆಲೆಗೆ ಕಟ್ಟಿದ ಪಟ್ಟಿ ಮಾಡಿದರು. 8 ಪೌಂಡ್ 11 ಔನ್ಸಿನ ಗ್ಯಾಲನ್ ಬ್ರೆಡ್ಡಿಗೆ 1 ಶಿಲ್ಲಿಂಗ್ ಇದ್ದರೆ ಗಂಡಸಿಗೆ ವಾರಕ್ಕೆ 3 ಶಿಲ್ಲಿಂಗ್, ಹೆಂಡತಿ ಮತ್ತು ಪ್ರತಿ ಮಗುವಿಗೆ 1 ಶಿಲ್ಲಿಂಗ್ 6 ಪೆನ್ಸ್. ಬ್ರೆಡ್ ಒಂದೊಂದು ಪೆನ್ನಿ ಏರಿದಂತೆ ಅವನಿಗೆ 3 ಪೆನ್ಸ್, ಉಳಿದವರಿಗೆ ತಲಾ 1 ಪೆನ್ನಿ ಹೆಚ್ಚು.

ಗಂಡ, ಹೆಂಡತಿ, ನಾಲ್ಕು ಮಕ್ಕಳು ಅಂದುಕೊಳ್ಳಿ. ಬ್ರೆಡ್ 1 ಶಿಲ್ಲಿಂಗ್ ಇದ್ದಾಗ 10 ಶಿಲ್ಲಿಂಗ್ 6 ಪೆನ್ಸ್. ಅದೇ ಬ್ರೆಡ್ 1 ಶಿಲ್ಲಿಂಗ್ 4 ಪೆನ್ಸಿಗೆ ಏರಿದರೆ 13 ಶಿಲ್ಲಿಂಗ್ 2 ಪೆನ್ಸ್. ಕೂಲಿ 9 ಶಿಲ್ಲಿಂಗ್ ಆಗಿದ್ದರೆ ಮಿಕ್ಕದ್ದು ಪ್ಯಾರಿಷ್‌ನಿಂದ.

ಧಾರವಾಡದ_ಫೇಡೆ
ಇಲ್ಲೇ ಎಡವಟ್ಟಾತು ನೋಡ್ರಿ. ರೈತ 9ರ ಬದಲಿ 7 ಕೊಟ್ರೂ ಆಳಿಗೆ ಸಿಗೋದು ಅಷ್ಟ. ಆ ಎರಡು ಶಿಲ್ಲಿಂಗ್ ಯಾರ ಕಿಸೇದಿಂದ? ಆಳು ಇಟ್ಕೊಳ್ಳದ ಸಣ್ಣ ಹಿಡುವಳಿದಾರನ ದರದಿಂದ!

ಕಡತ_ಕೋಣೆ
ತರ್ಕ ಸರಿ, ಆದರೆ ಅತಿ ಮಾಡಬೇಡಿ. ಇದು ಪಾರ್ಲಿಮೆಂಟಿನ ಕಾಯಿದೆ ಆಗಿರಲೇ ಇಲ್ಲ, ಒಂದು ಕೌಂಟಿಯ ಮ್ಯಾಜಿಸ್ಟ್ರೇಟರ ಪಟ್ಟಿ. ಬೇರೆ ಕಡೆ ಬೇರೆ ಬೇರೆ ರೀತಿ ನಡೆಯಿತು. ಕೂಲಿ ಕಡಿಮೆ ಇದ್ದದ್ದಕ್ಕೇ ನೆರವು ಬಂತೋ, ನೆರವು ಬಂದದ್ದಕ್ಕೆ ಕೂಲಿ ಇಳಿಯಿತೋ ಅಂತ ಇತಿಹಾಸಕಾರರು ಇನ್ನೂ ಕಿತ್ತಾಡ್ತಾರೆ. ಅದೇ ಕೌಂಟಿಯ ಬಾರ್ಕಮ್‌ನಲ್ಲಿ ಪಾದ್ರಿ ಡೇವಿಡ್ ಡೇವಿಸ್ 1787ರಲ್ಲೇ ಕೂಲಿಗಳ ಮನೆ ಖರ್ಚು ಬರೆದಿಟ್ಟಿದ್ದ. ಏಳು ಜನರ ಒಂದು ಮನೆಯಲ್ಲಿ ವಾರಕ್ಕೆ 7½ ಗ್ಯಾಲನ್ ಹಿಟ್ಟಿಗೇ 6 ಶಿಲ್ಲಿಂಗ್ 3 ಪೆನ್ಸ್, ಮಾಂಸ ಅಂದರೆ 8 ಪೆನ್ಸಿನ ಒಂದು ಪೌಂಡ್ ಬೇಕನ್. ಒಟ್ಟು 8 ಶಿಲ್ಲಿಂಗ್ 11¼ ಪೆನ್ಸ್ ಖರ್ಚು, 8 ಶಿಲ್ಲಿಂಗ್ 6 ಪೆನ್ಸ್ ಸಂಪಾದನೆ. ಬಾಡಿಗೆ, ಬಟ್ಟೆ, ಬೂಟು ಈ ಲೆಕ್ಕದಲ್ಲಿ ಸೇರಿಲ್ಲ. ಪೆಲಿಕನ್ ಸಭೆಗೆ ಎಂಟು ವರ್ಷ ಮೊದಲೇ ಕೂಲಿ ಸಾಲುತ್ತಿರಲಿಲ್ಲ.

ಅಡ್ಡಗೋಡೆ_ದೀಪ
ಖರ್ಚಿನ ಮಾತು ಬಂದದ್ದಕ್ಕೆ ಜೊಂಡಿನ ಕಡ್ಡಿಯ ದೀಪದ ಲೆಕ್ಕ. ಸೆಲ್ಬೋರ್ನ್‌ನ ಪಾದ್ರಿ ಗಿಲ್ಬರ್ಟ್ ವೈಟ್ ಬರೆದಿಟ್ಟದ್ದು. ಜೊಂಡನ್ನು ಬೇಸಿಗೆಯಲ್ಲಿ ಕೊಯ್ದು ತಕ್ಷಣ ನೀರಿಗೆ ಹಾಕಬೇಕು, ಒಣಗಿದರೆ ಸಿಪ್ಪೆ ಬಿಡಲ್ಲ. ಸಿಪ್ಪೆ ಪೂರ್ತಿ ಸುಲಿಯಬಾರದು, ಒಳತಿರುಳು ನಿಲ್ಲಲಿಕ್ಕೆ ಉದ್ದಕ್ಕೂ ಒಂದು ಎಳೆ ಬಿಡಬೇಕು. ಹುಲ್ಲಿನ ಮೇಲೆ ಹರಡಿ ಕೆಲವು ರಾತ್ರಿ ಇಬ್ಬನಿಗೆ ಬಿಟ್ಟು, ಆಮೇಲೆ ಬಿಸಿಲಿಗೆ ಒಣಗಿಸಿ, ಕಾದ ಕೊಬ್ಬಿನಲ್ಲಿ ಅದ್ದಬೇಕು. ಬೇಕನ್ ಬೇಯಿಸಿದ ಪಾತ್ರೆಯ ಮೇಲೆ ತೇಲುವ ಕೊಬ್ಬೇ ಸಾಕು. ಒಂದು ಪೌಂಡ್ ಒಣ ಜೊಂಡಿಗೆ 6 ಪೌಂಡ್ ಕೊಬ್ಬು. ಆ ಒಂದು ಪೌಂಡಲ್ಲಿ 1,600 ಕಡ್ಡಿ, ಒಂದೊಂದು ಸರಾಸರಿ ಅರ್ಧ ಗಂಟೆ ಉರಿದರೂ 800 ಗಂಟೆ ಬೆಳಕು, ಎಲ್ಲ ಸೇರಿ 3 ಶಿಲ್ಲಿಂಗಿಗೆ. ಅಂದರೆ ಕಾಲು ಪೆನ್ನಿಗೆ ಐದೂವರೆ ಗಂಟೆ.

ಕಡುಬಡವರು ಮಾತ್ರ ಇದನ್ನು ಮಾಡಲ್ಲ, ದಿನಾ ಅರ್ಧ ಪೆನ್ನಿಯ ಮೋಂಬತ್ತಿ ತರ್ತಾರೆ, ಗಾಳಿ ನುಗ್ಗುವ ಅವರ ಮನೆಯಲ್ಲಿ ಅದು ಎರಡು ಗಂಟೆ ಉರಿದರೆ ಹೆಚ್ಚು, ಬಡವರಿಗೆ ದುಡ್ಡು ಹಿಡಿಯೋದು ಗೊತ್ತಿಲ್ಲ ಅಂತ ವೈಟ್ ಬೈತಾನೆ.

ಹಿಟ್ಟು_ಸೊಪ್ಪು
ಗೊತ್ತಿಲ್ಲದ್ದಲ್ಲ ಸ್ವಾಮಿ. 6 ಪೌಂಡ್ ಕೊಬ್ಬು ತೇಲಬೇಕಾದರೆ ಮನೆಯಲ್ಲಿ ಎಷ್ಟು ಬೇಕನ್ ಬೇಯಬೇಕು? ವಾರಕ್ಕೆ ಒಂದು ಪೌಂಡ್ ತರುವ ಬಾರ್ಕಮ್‌ನ ಕೂಲಿಯ ಮನೆಯಲ್ಲಿ ಎಲ್ಲಿಂದ ಬಂತು? 3 ಶಿಲ್ಲಿಂಗ್ ಒಟ್ಟಿಗೆ ಕೈಲಿದ್ದವನಿಗೆ ಅಗ್ಗ, ದಿನಗೂಲಿಯವನಿಗೆ ಅರ್ಧ ಪೆನ್ನಿಯೇ ಗತಿ. ಒಂದು ರೂಪಾಯಿ ಶಾಂಪೂ ಪಾಕೀಟು ಕೊಳ್ಳುವವರಿಗೆ ಬಾಟಲಿ ಅಗ್ಗ ಅಂತ ಉಪದೇಶ ಮಾಡಿದ ಹಾಗಾಯ್ತು.

ಕರಾವಳಿ_ಕಾಗೆ
ಸೆಲ್ಬೋರ್ನ್ ಅಂದ್ರೆ 1830ರಲ್ಲಿ ಕೂಲಿಗಳು ನುಗ್ಗಿ, ಗತಿಯಿಲ್ಲದ ಬಡವರನ್ನು ಇಡುವ ವರ್ಕ್‌ಹೌಸನ್ನು ಮುರಿದು ಹಾಕಿದ ಊರಲ್ವಾ?

ಕಡತ_ಕೋಣೆ
ಹೌದು, ನವೆಂಬರ್. ಮಾರನೇ ದಿನ ಪಕ್ಕದ ಹೆಡ್ಲಿಯಲ್ಲೂ. ನಾಲ್ಕು ವರ್ಷಕ್ಕೆ 1834ರ ಕಾಯಿದೆ ಬಂತು. ಹಳ್ಳಿಗಳನ್ನು ಒಕ್ಕೂಟಗಳಾಗಿ ಸೇರಿಸಿ ಒಂದೊಂದಕ್ಕೆ, ನೆರವು ಕೇಳಿದವರನ್ನು ಒಳಗಿಟ್ಟು ದುಡಿಸುವ, ಒಂದು ದೊಡ್ಡ ವರ್ಕ್‌ಹೌಸ್. ಒಳಗಿನ ಬದುಕು ಹೊರಗಿನ ಅತಿ ಬಡ ಕೂಲಿಯದ್ದಕ್ಕಿಂತ ಕೆಳಗಿರಬೇಕು ಅನ್ನೋದೇ ಸೂತ್ರ, ಆಗ ನಿಜಕ್ಕೂ ಗತಿಯಿಲ್ಲದವನು ಮಾತ್ರ ಬರ್ತಾನೆ ಅಂತ. ನಮ್ಮ ಕಡೆ ಧಾತು ಸಂವತ್ಸರದ ಬರ ಆದ ಮೇಲೆ ಬ್ರಿಟಿಷರು ಬರೆದ ಬರಪರಿಹಾರ ಸಂಹಿತೆಯ ಹಿಂದೆಯೂ ಇದೇ ಪರೀಕ್ಷೆಯ ಬುದ್ಧಿ ಇದೆ: ಕಲ್ಲು ಒಡೆಯಲು ಒಪ್ಪಿದವನೇ ನಿಜವಾದ ಬರಪೀಡಿತ.

ಧಾರವಾಡದ_ಫೇಡೆ
1834 ಆದ ಮ್ಯಾಲೂ ಹಲಗಿ ಮ್ಯಾಲಿನ ದತ್ತಿ ನಡದ ಇತ್ತಲ್ರೀ?

ಕಾನೂನು_ಕೊಕ್ಕೆ
ನಡೀತು. ಅದರ ಬೆಲೆ ಹೆಚ್ಚೇ ಆಯಿತು, ಯಾಕಂದ್ರೆ ವರ್ಕ್‌ಹೌಸ್ ಮೆಟ್ಟಿಲು ಹತ್ತದೆ ಸಿಗುತ್ತಿದ್ದದ್ದರಲ್ಲಿ ಅದೂ ಒಂದು. ಡಿಸೆಂಬರ್ 21, ಸೇಂಟ್ ಥಾಮಸ್ ದಿನ ಹಂಚಿಕೆ ಅನೇಕ ಕಡೆ ಇತ್ತು. ಅದೇ ದಿನ ಹೆಂಗಸರು ಮನೆ ಮನೆಗೆ ಹೋಗಿ ಗೋಧಿ ಕೇಳೋ ರೂಢಿಯೂ ಇತ್ತು. ಜೊತೆಗೆ ಪಾದ್ರಿ ಮನೆಯವರು ನಡೆಸೋ ಬಟ್ಟೆ ಕ್ಲಬ್, ಕಲ್ಲಿದ್ದಲು ಕ್ಲಬ್: ವಾರಕ್ಕೆ ಒಂದು ಪೆನ್ನಿ ಕಟ್ಟಿದರೆ ವರ್ಷಕ್ಕೆ 4 ಶಿಲ್ಲಿಂಗ್ 4 ಪೆನ್ಸ್, ಅದರ ಮೇಲೆ ಊರ ದೊಡ್ಡವರ ಚಂದಾದಿಂದ ಸ್ವಲ್ಪ ಸೇರಿಸಿ ಅಂಗಡಿಗೆ ಚೀಟಿ. ನಗದು ಕೈಗೆ ಕೊಡಲ್ಲ, ಹೆಂಡಕ್ಕೆ ಹೋಗುತ್ತೆ ಅಂತ.

ಲೆಕ್ಕದ_ಮನುಷ್ಯ
ಕೊನೇ ಪ್ರಶ್ನೆ. ದತ್ತಿ ಬರೋದು ವರ್ಷಕ್ಕೆ ಸರಿಯಾಗಿ 52 ಶಿಲ್ಲಿಂಗ್. ಆದರೆ ಈಸ್ಟರ್ ಲೆಕ್ಕದಲ್ಲಿ 55 ಭಾನುವಾರ ಬಿದ್ದರೆ ಮೂರು ವಾರದ ಬ್ರೆಡ್ ಎಲ್ಲಿಂದ?

ಕಡತ_ಕೋಣೆ
50 ವಾರದ ವರ್ಷದಲ್ಲಿ ಉಳಿದ 2 ಶಿಲ್ಲಿಂಗ್, 51ರಲ್ಲಿ ಉಳಿದ 1, ಇವನ್ನು ಮುಂದಕ್ಕೆ ಒಯ್ದರೆ ಹೆಚ್ಚುಕಮ್ಮಿ ಸರಿಹೋಗುತ್ತೆ. ಪೂರ್ತಿ ಅಲ್ಲ. ವರ್ಷಕ್ಕೆ 365¼ ದಿನ ಅಂದರೆ 52 ವಾರದ ಮೇಲೆ ಒಂದೂಕಾಲು ದಿನ. ನೂರು ವರ್ಷಕ್ಕೆ 18 ಶಿಲ್ಲಿಂಗ್ ಹತ್ತಿರ ಖೋತಾ.

ಹಿಟ್ಟು_ಸೊಪ್ಪು
ಬೇಕರಿಯವರು ಡಜನ್ನಿಗೆ 13 ಕೊಡ್ತಿದ್ದರಲ್ಲ, ಆ ಹದಿಮೂರನೇದನ್ನ ಎತ್ತಿಟ್ಟಿದ್ದರೆ ನೂರು ವರ್ಷ ಯಾಕೆ, ಮೊದಲನೇ ವರ್ಷವೇ ನಾಲ್ಕು ಭಾನುವಾರದ್ದು ಉಳೀತಿತ್ತು.

ಕರಾವಳಿ_ಕಾಗೆ
ಎತ್ತಿಟ್ಟ ಬ್ರೆಡ್ಡು ಬೂಸ್ಟು ಹಿಡೀತದೆ ಮಾರಾಯ್ರೆ.